ಕಿಟಕಿಯ ಬಳಿಯ ಹುಡುಗಿ ಮತ್ತು ನಾವು ಕಟ್ಟಲಿರುವ ಶಾಲೆ

ಕಳೆದ ಗಣೇಶ ಚೌತಿ ಮುಗಿದ ಮರುವಾರ ನಮ್ಮ ಸಂಘದ ಮೂವರು ಗೆಳೆಯರು ಆಂಟಾಪ್ ಹಿಲ್‌ನ ನಮ್ಮ ಕ್ವಾರ್ಟರ್ಸಿಗೆ ಬಂದಿದ್ದರು. ಚಹಾ ಆಯಿತು, ಚಕ್ಕುಲಿ ಆಯಿತು, ಆಮೇಲೆ ವಿಷಯ ಹೊರಬಿತ್ತು. ಕರ್ಜತ್ ಕಡೆ ಒಂದಿಷ್ಟು ಜಾಗ ನೋಡಿದ್ದಾರಂತೆ. ಅಲ್ಲಿ ಮಕ್ಕಳಿಗಾಗಿ ಒಂದು ಹೊಸ ಬಗೆಯ ಶಾಲೆ ಕಟ್ಟಬೇಕು. ಗಂಟೆ ಇಲ್ಲ, ಹೋಂವರ್ಕ್ ಇಲ್ಲ, ರ‍್ಯಾಂಕ್ ಇಲ್ಲ. ಮರದ ಕೆಳಗೆ ಪಾಠ, ತರಕಾರಿ ತೋಟ, ನಾಲ್ಕು ದನ, ಜೊತೆಗೆ ಕನ್ನಡವೂ ಇರಬೇಕು. ಒಂದೊಂದು ಕುಟುಂಬ ಎರಡೆರಡು ಲಕ್ಷ ಹಾಕಿದರೆ ಆರಂಭಿಸಬಹುದು. ನಾನು ಲೆಕ್ಕ ಕೇಳುವ ಮೊದಲೇ ಅವರಲ್ಲೊಬ್ಬರು ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ಇದನ್ನು ಓದಿ ಮಾರಾಯ್ರೆ, ಆಮೇಲೆ ನಿಮ್ಮ ಹೆಸರು ಬರೆದುಕೊಳ್ಳುತ್ತೇವೆ" ಎಂದರು.

ಪುಸ್ತಕ 'ತೊತ್ತೋಚಾನ್'. ಈ ಲೇಖನ ಆ ಪುಸ್ತಕದ ವಿಮರ್ಶೆ. ಗೆಳೆಯರಿಗೆ ನಾನು ಕೊಡಬೇಕಾದ ಉತ್ತರವೂ ಹೌದು. ನಾನು ಸಾಹಿತ್ಯ ಓದಿದವನಲ್ಲ, ಬಿ.ಎಸ್ಸಿ. ಮಾಡಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವವನು. ಫೈಲಿನಲ್ಲಿ ಏನಿದೆ, ಏನಿಲ್ಲ ಎಂದು ನೋಡುವುದು ನನ್ನ ಕಸುಬು. ಪುಸ್ತಕವನ್ನೂ ಹಾಗೆಯೇ ನೋಡಿದ್ದೇನೆ.

ಮೊದಲು ಪುಸ್ತಕದ ಪರಿಚಯ. ಲೇಖಕಿ ತೆತ್ಸುಕೊ ಕುರೊಯಾನಾಗಿ ಜಪಾನಿನ ಹೆಸರಾಂತ ನಟಿ, ದೂರದರ್ಶನ ಕಾರ್ಯಕ್ರಮಗಳ ನಿರೂಪಕಿ. ಹುಟ್ಟಿದ್ದು 1933ರಲ್ಲಿ. 1984ರಲ್ಲಿ ಯುನಿಸೆಫ್‌ನ ಸೌಹಾರ್ದ ರಾಯಭಾರಿಯಾದರು. ತಾವು ಓದಿದ ಪ್ರಾಥಮಿಕ ಶಾಲೆಯ ನೆನಪುಗಳನ್ನು ಅವರು 1981ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಜಪಾನಿನಲ್ಲಿ ಅದು ಮನೆಮನೆಯ ಪುಸ್ತಕವಾಯಿತು. ನಮ್ಮ ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ತಂದಿದೆ. 2023ರಲ್ಲಿ ಅದು ಜಪಾನಿನಲ್ಲಿ ಚಿತ್ರಿತ ಚಲನಚಿತ್ರವೂ ಆಯಿತು. ಒಳಗಿನ ಚಿತ್ರಗಳು ಚಿಹಿರೊ ಇವಾಸಾಕಿಯವರವು. ಆಕೆ 1974ರಲ್ಲೇ ತೀರಿಕೊಂಡಿದ್ದರು. ಬಿಟ್ಟುಹೋದ ಚಿತ್ರಗಳಿಂದ ಆಯ್ದು ಇಲ್ಲಿ ಬಳಸಿದ್ದಾರೆ. ಆದರೂ ಈ ಕಥೆಗೆಂದೇ ಬರೆದವೇನೋ ಎಂಬಷ್ಟು ಹೊಂದುತ್ತವೆ.

ಕಥೆ ಸರಳ. ಒಂದನೆಯ ಇಯತ್ತೆಯ ಹುಡುಗಿಯೊಬ್ಬಳನ್ನು ಶಾಲೆಯಿಂದ ತೆಗೆದುಹಾಕುತ್ತಾರೆ. ಅವಳ ತಪ್ಪೇನು? ಡೆಸ್ಕಿನ ಮುಚ್ಚಳ ತೆರೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ತೆರೆಯುತ್ತಾಳೆ. ಪಾಠದ ನಡುವೆ ಕಿಟಕಿಯ ಬಳಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆ. ಸೂರಿನಲ್ಲಿ ಗೂಡು ಕಟ್ಟುತ್ತಿರುವ ಹಕ್ಕಿಗಳನ್ನು ಮಾತಾಡಿಸುತ್ತಾಳೆ. ತಾಯಿ ಅವಳನ್ನು ಇನ್ನೊಂದು ಶಾಲೆಗೆ ಕರೆದೊಯ್ಯುತ್ತಾಳೆ. ಅದೇ ತೊಮೊಯೆ. ಸೊಸಾಕು ಕೊಬಾಯಾಶಿ ಎಂಬ ಮುಖ್ಯೋಪಾಧ್ಯಾಯರು 1937ರಲ್ಲಿ ಟೋಕಿಯೋದ ಜಿಯುಗಾವೊಕಾ ಎಂಬಲ್ಲಿ ತೆರೆದ ಶಾಲೆ. ಗೇಟಿನ ಕಂಬಗಳೆಂದರೆ ಬೇರು ಬಿಟ್ಟು ಬೆಳೆಯುತ್ತಿರುವ ಎರಡು ಮರಗಳು. ತರಗತಿಗಳು ನಡೆಯುವುದು ಓಡಾಟ ನಿಲ್ಲಿಸಿದ ರೈಲು ಡಬ್ಬಿಗಳಲ್ಲಿ. ಇಡೀ ಶಾಲೆಗೆ ಸುಮಾರು 50 ಮಕ್ಕಳು.

ನಾನು ಈ ಪುಸ್ತಕವನ್ನು ಓದಿದ್ದು ರೈಲು ಡಬ್ಬಿಯಲ್ಲೇ. ಗುರು ತೇಗ್ ಬಹಾದುರ್ ನಗರದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಹಾರ್ಬರ್ ಲೈನಿನ ಸೆಕೆಂಡ್ ಕ್ಲಾಸಿನಲ್ಲಿ ನಿಂತು, ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದರಲ್ಲಿ ಪುಸ್ತಕ. ಮುಂಬಯಿಯವರಾದ ನಮಗೆ ರೈಲು ಡಬ್ಬಿ ಎಂದರೆ ಪರರ ಮೊಣಕೈ, ಬೆವರು, ಲೇಟ್ ಮಾರ್ಕು. ಅದೇ ಡಬ್ಬಿಯಲ್ಲಿ ಕುಳಿತು ಮಕ್ಕಳು ಪ್ರವಾಸ ಹೊರಟವರಂತೆ ಪಾಠ ಕಲಿಯುತ್ತಾರೆಂದು ಓದಿದಾಗ ವಡಾಳ ಬಂದದ್ದೂ ತಿಳಿಯಲಿಲ್ಲ.

ಆದರೆ ಈ ಕೃತಿಯ ಜೀವಾಳ ರೈಲು ಡಬ್ಬಿಯಲ್ಲಿಲ್ಲ. ಅದು ಮೊದಲ ದಿನದ ಭೇಟಿಯಲ್ಲಿದೆ. ಮುಖ್ಯೋಪಾಧ್ಯಾಯರು ತಾಯಿಯನ್ನು ಮನೆಗೆ ಕಳಿಸಿ, ಕುರ್ಚಿ ಹತ್ತಿರಕ್ಕೆಳೆದುಕೊಂಡು, ಹುಡುಗಿಗೆ ಏನು ಬೇಕಾದರೂ ಹೇಳು ಎನ್ನುತ್ತಾರೆ. ಅವಳು ಹೇಳುತ್ತಾಳೆ. ಬಂದ ರೈಲು, ಹಳೆಯ ಶಾಲೆ, ನಾಯಿ, ಅಪ್ಪ, ತೊಟ್ಟ ಫ್ರಾಕು, ಎಲ್ಲವನ್ನೂ. ಮಾತು ಮುಗಿದಾಗ ಊಟದ ಹೊತ್ತು. ನಾಲ್ಕು ಗಂಟೆ ಕಾಲ ಅವರು ಆಕಳಿಸಲಿಲ್ಲ, ಗಡಿಯಾರ ನೋಡಲಿಲ್ಲ. ಪ್ರವೇಶ ಪರೀಕ್ಷೆ ಇದ್ದದ್ದು ಇಷ್ಟೇ, ಅದರಲ್ಲಿ ಪರೀಕ್ಷೆಗೆ ಕುಳಿತವರು ಮಾಸ್ತರರೇ ಎನ್ನಬೇಕು.

ಇದನ್ನು ಓದಿದ ರಾತ್ರಿ ನಾನೂ ಒಂದು ಪ್ರಯೋಗ ಮಾಡಿದೆ. ನನ್ನ ಮಗಳು ಮೂರನೆಯ ಇಯತ್ತೆ. ಶಾಲೆಯ ಡೈರಿಯಲ್ಲಿ ಆ ವರ್ಷ ಮೂರು ಸಲ ಕೆಂಪು ಶಾಯಿಯ ದೂರು ಬಂದಿತ್ತು: ತರಗತಿಯಲ್ಲಿ ಬಹಳ ಮಾತಾಡುತ್ತಾಳೆ. ಸರಿ, ಮಾತಾಡಲಿ ಎಂದು ಎದುರು ಕುಳಿತೆ. ಅವಳು ಬಿಲ್ಡಿಂಗಿನ ಬೆಕ್ಕಿನ ವಿಷಯ ತೆಗೆದಳು. ಬಹಳ ಹೊತ್ತು ಕೇಳಿದೆನೆಂದುಕೊಂಡು ಮೊಬೈಲು ನೋಡಿದರೆ ಆದದ್ದು ಏಳು ನಿಮಿಷ. ನೋಡಿದ್ದನ್ನು ಅವಳೂ ನೋಡಿದಳು. ಬೆಕ್ಕಿನ ಕಥೆ ಅಲ್ಲಿಗೇ ನಿಂತಿತು.

ಈಗ ಪ್ರಕೃತಿಯ ಮಾತು. ನಮ್ಮ ಗೆಳೆಯರು ಈ ಪುಸ್ತಕವನ್ನು ಮುಖ್ಯವಾಗಿ ಪ್ರಕೃತಿಯ ಮಡಿಲಿನ ಶಾಲೆಯ ಕಥೆ ಎಂದೇ ಓದಿದ್ದಾರೆ. ತಪ್ಪಲ್ಲ. ಪ್ರತಿಯೊಂದು ಮಗುವಿಗೂ ಹತ್ತಲು ತನ್ನದೇ ಒಂದು ಮರ ಇದೆ. ಬೆಳಗಿನ ಪಾಠ ಬೇಗ ಮುಗಿದರೆ ಮಧ್ಯಾಹ್ನ ಕುಹೊನ್‌ಬುತ್ಸು ದೇವಾಲಯದ ಕಡೆಗೆ ನಡಿಗೆ. ದಾರಿಯಲ್ಲಿ ಹೂವಿನ ಕೇಸರ, ಶಲಾಕೆ ಎಲ್ಲ ನೋಡುತ್ತ ಹೋಗುವ ಮಕ್ಕಳಿಗೆ ಇದು ಸಸ್ಯಶಾಸ್ತ್ರ ಎಂದು ಗೊತ್ತೂ ಆಗುವುದಿಲ್ಲ. ಬೇಸಾಯ ಕಲಿಸಲು ಒಬ್ಬ ರೈತನನ್ನೇ ಕರೆತಂದು, ಇವರೇ ಇಂದಿನ ನಿಮ್ಮ ಮಾಸ್ತರರು ಎಂದು ಪರಿಚಯಿಸುತ್ತಾರೆ. ಊಟದ ಡಬ್ಬಿಯಲ್ಲಿ ಸಮುದ್ರದ್ದು ಒಂದಿಷ್ಟು, ಬೆಟ್ಟದ್ದು ಒಂದಿಷ್ಟು ಇರಬೇಕೆಂಬ ನಿಯಮ. ಕೊರತೆ ಬಿದ್ದ ಮಗುವಿನ ಡಬ್ಬಿಗೆ ಮುಖ್ಯೋಪಾಧ್ಯಾಯರ ಹೆಂಡತಿ ಪಾತ್ರೆ ಹಿಡಿದು ಬಂದು ಬಡಿಸುತ್ತಾರೆ. ಅಂಕೋಲೆಯವನಾದ ನನಗೆ ಈ ನಿಯಮ ಬಹಳ ಹಿಡಿಸಿತು. ಮೀನು ಸಾರು, ಕಳಲೆ ಪಲ್ಯ ಒಂದೇ ಎಲೆಯಲ್ಲಿ ಉಂಡವರಿಗೆ ಪೌಷ್ಟಿಕಾಂಶದ ಪಟ್ಟಿಯನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ಆದರೆ ಗಮನಿಸಬೇಕಾದ ಅಂಶ ಒಂದುಂಟು. ತೊಮೊಯೆ ಕಾಡಿನಲ್ಲಿರಲಿಲ್ಲ, ಬೆಟ್ಟದ ಬುಡದಲ್ಲೂ ಇರಲಿಲ್ಲ. ಅದು ಮಹಾನಗರದ ಒಂದು ರೈಲು ನಿಲ್ದಾಣದ ಹತ್ತಿರವಿದ್ದ ಚಿಕ್ಕ ಶಾಲೆ. ಅಲ್ಲಿದ್ದ ಪ್ರಕೃತಿ ಎಂದರೆ ಬೇಲಿಯ ಮರಗಳು, ಪಕ್ಕದ ದೇವಾಲಯ, ಹತ್ತಿರದ ಹೊಲ, ಅಷ್ಟೆ. ಕೊಬಾಯಾಶಿಯವರು ಪ್ರಕೃತಿಯನ್ನು ಕೊಂಡುಕೊಳ್ಳಲಿಲ್ಲ, ಇದ್ದದ್ದನ್ನು ನೋಡಲು ಮಕ್ಕಳಿಗೆ ಬಿಡುವು ಕೊಟ್ಟರು. ಈ ವ್ಯತ್ಯಾಸ ನಮ್ಮವರ ಯೋಜನೆಯಲ್ಲಿ ಕಾಣಲಿಲ್ಲ. ಅಲ್ಲಿ ಜಾಗದ ನಕ್ಷೆ ಇತ್ತು, ಬಾವಿಯ ಅಂದಾಜು ಇತ್ತು. ಮಾಸ್ತರರು ಯಾರು ಎಂಬ ಕಾಲಮ್ಮು ಮಾತ್ರ ಖಾಲಿ ಇತ್ತು.

ಮಾಸ್ತರರ ಮಾತು ಬಂದದ್ದರಿಂದ ಎರಡು ಪ್ರಸಂಗಗಳನ್ನು ಹೇಳದೆ ಇರಲಾಗದು. ಒಂದು ದಿನ ಹುಡುಗಿಯ ಮೆಚ್ಚಿನ ಪರ್ಸು ಕಕ್ಕಸಿನ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟು ತಂದು ಹೊಲಸನ್ನೆಲ್ಲ ಮೇಲೆತ್ತಿ ರಾಶಿ ಹಾಕತೊಡಗುತ್ತಾಳೆ. ಅತ್ತ ಬಂದ ಮುಖ್ಯೋಪಾಧ್ಯಾಯರು ಬಯ್ಯುವುದಿಲ್ಲ, ಸಹಾಯವನ್ನೂ ಮಾಡುವುದಿಲ್ಲ. ಮುಗಿದ ಮೇಲೆ ಎಲ್ಲವನ್ನೂ ತಿರುಗಿ ಹಾಕುವೆಯಷ್ಟೆ ಎಂದು ಕೇಳಿ ಮುಂದೆ ಹೋಗುತ್ತಾರೆ. ಪರ್ಸು ಸಿಗುವುದಿಲ್ಲ, ಆದರೆ ಹುಡುಗಿ ಗುಂಡಿಯನ್ನು ಪೂರ್ತಿ ತುಂಬಿಸುತ್ತಾಳೆ. ಇನ್ನೊಂದು ಪ್ರಸಂಗ ಇದಕ್ಕಿಂತ ತೂಕದ್ದು. ತಾಕಾಹಾಶಿ ಎಂಬ ಹುಡುಗನ ಬೆಳವಣಿಗೆ ನಿಂತುಹೋಗಿದೆ, ಕೈಕಾಲು ಗಿಡ್ಡ. ಪಾಠದಲ್ಲಿ ಬಾಲದ ಮಾತು ಬಂದಾಗ ಶಿಕ್ಷಕಿಯೊಬ್ಬರು ತಮಾಷೆಗೆ, ನಿನಗೇನಾದರೂ ಬಾಲ ಇದೆಯೇ ಎಂದು ಅವನನ್ನು ಕೇಳಿಬಿಡುತ್ತಾರೆ. ಆ ದಿನ ಮುಖ್ಯೋಪಾಧ್ಯಾಯರು ಆಕೆಯನ್ನು ಕಟುವಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಎಲ್ಲಿ? ಮಕ್ಕಳ ಎದುರಲ್ಲ, ಸಹೋದ್ಯೋಗಿಗಳ ಎದುರಲ್ಲೂ ಅಲ್ಲ, ಅಡಿಗೆಮನೆಯಲ್ಲಿ. ಅದು ನಮಗೆ ತಿಳಿದದ್ದು ಹುಡುಗಿ ಅಕಸ್ಮಾತ್ತಾಗಿ ಕೇಳಿಸಿಕೊಂಡದ್ದರಿಂದ.

ಅದೇ ತಾಕಾಹಾಶಿ ಶಾಲೆಯ ಕ್ರೀಡಾದಿನದಂದು ಎಲ್ಲ ಸ್ಪರ್ಧೆಗಳಲ್ಲೂ ಮೊದಲಿಗನಾಗುತ್ತಾನೆ. ಗಿಡ್ಡ ದೇಹಕ್ಕೇ ಅನುಕೂಲವಾಗುವಂತೆ ಆಟಗಳನ್ನು ಹೂಡಿದ್ದರು. ಆದರೆ ಹೀಗೆ ಹೂಡಿದ್ದೇವೆಂದು ಯಾರಿಗೂ ಹೇಳಲಿಲ್ಲ. ಬಹುಮಾನ ಮೂಲಂಗಿ, ಪಾಲಕದಂಥ ತರಕಾರಿ: ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ಮನೆಗೊಯ್ದು ಎಲ್ಲರೊಡನೆ ಉಣ್ಣಲಿ ಎಂದು. ಶಿಸ್ತಿಲ್ಲದ ಶಾಲೆ ಎಂದು ತೊಮೊಯೆಯನ್ನು ಕರೆಯುವವರು ಈ ಪ್ರಸಂಗಗಳನ್ನು ಮತ್ತೆ ಓದಬೇಕು. ಅಲ್ಲಿ ಶಿಸ್ತು ಇತ್ತು, ಅದರ ಹೆಚ್ಚಿನ ಭಾರ ದೊಡ್ಡವರ ಮೇಲಿತ್ತು.

ಈ ದೊಡ್ಡವರ ಸಾಲಿನಲ್ಲಿ ನಾನು ತಾಯಿಯನ್ನೂ ಸೇರಿಸುತ್ತೇನೆ. ಮಗಳನ್ನು ಶಾಲೆಯಿಂದ ಹೊರಹಾಕಿದರೆಂಬ ಸಂಗತಿಯನ್ನು ಆಕೆ ಮಗಳಿಗೆ ತಿಳಿಸಿದ್ದು ಅವಳಿಗೆ ಇಪ್ಪತ್ತು ತುಂಬಿದ ಮೇಲೆ! ಅಲ್ಲಿಯವರೆಗೆ ಹುಡುಗಿ ತಾನು ಸುಮ್ಮನೆ ಶಾಲೆ ಬದಲಿಸಿದೆನೆಂದೇ ತಿಳಿದಿದ್ದಳು. ನಾವೋ? ಮನೆಗೆ ನೆಂಟರು ಬಂದರೆ ಮಗುವನ್ನು ಎದುರಿಗೇ ನಿಲ್ಲಿಸಿಕೊಂಡು "ಇವಳಿಗೆ ಗಣಿತ ಅಂದ್ರೆ ಆಗೂದಿಲ್ಲ, ಬರೀ ಮಾತು" ಎಂದು ಪರಿಚಯ ಮಾಡಿಕೊಡುತ್ತೇವೆ. ತೊಮೊಯೆ ಶಾಲೆಯ ಸ್ಥಾಪಕರು ಇಬ್ಬರು. ಒಬ್ಬರು ಕೊಬಾಯಾಶಿ, ಇನ್ನೊಬ್ಬಳು ಬಾಯಿ ಕಟ್ಟಿಕೊಂಡ ಈ ತಾಯಿ ಎಂಬುದು ನನ್ನ ಅಭಿಪ್ರಾಯ.

ಪುಸ್ತಕದ ಹೆಸರಿನ ಬಗ್ಗೆಯೂ ಒಂದು ಮಾತು. ಮೂಲದ ಹೆಸರಿನಲ್ಲಿ 'ಕಿಟಕಿಯ ಬಳಿಯ' ಎಂಬ ವಿಶೇಷಣವಿದೆ. ಆ ಕಾಲದ ಜಪಾನಿನಲ್ಲಿ, ಕಚೇರಿಯಲ್ಲಿ ಕೆಲಸ ಕೊಡದೆ ಬದಿಗೆ ಸರಿಸಿದ ನೌಕರರನ್ನು ಕಿಟಕಿಯ ಬಳಿಯವರು ಎನ್ನುತ್ತಿದ್ದರಂತೆ. ಲೇಖಕಿ ಕೊನೆಯ ಮಾತುಗಳಲ್ಲಿ ಇದನ್ನು ವಿವರಿಸಿದ್ದಾರೆ. ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಇದಕ್ಕೆ ಟಿಪ್ಪಣಿ ಬೇಕಾಗಲಿಲ್ಲ. ಅಂಥ ಕುರ್ಚಿಗಳನ್ನು ನಾನು ನೋಡಿದ್ದೇನೆ. ಒಂದನೆಯ ಇಯತ್ತೆಯಲ್ಲೇ ಮಗುವನ್ನು ಅಂಥ ಕುರ್ಚಿಗೆ ಸರಿಸುವ ಶಾಲೆಗಳೂ ಇವೆ ಎನ್ನುವುದೇ ಈ ಪುಸ್ತಕದ ನಿಜವಾದ ದೂರು.

ಇನ್ನು ಕೃತಿಯ ಕೊರತೆಗಳು. ಮೊದಲನೆಯದು, ಇಡೀ ಶಾಲೆಯನ್ನು ನಾವು ಒಬ್ಬಳೇ ಹುಡುಗಿಯ ಕಣ್ಣಿನಿಂದ ನೋಡುತ್ತೇವೆ, ಅದೂ ಅಲ್ಲಿ ಗೆದ್ದುಬಂದವಳ ಕಣ್ಣಿನಿಂದ. ಯಾವ ಪಾಠ ಮೊದಲು ಎಂಬ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟಾಗ, ಕಷ್ಟದ ಪಾಠವನ್ನು ಸಂಜೆಯವರೆಗೂ ಮುಂದೂಡಿ ಒದ್ದಾಡಿದ ಮಗುವಿನ ಮನಸ್ಸು ಹೇಗಿತ್ತೋ, ಅದರ ಒಳಗಿನ ಕಥೆ ಇಲ್ಲಿ ಸಿಗದು. ಎರಡನೆಯದು, ಲೆಕ್ಕ. ಫೀ ಎಷ್ಟು, ಮಾಸ್ತರರ ಸಂಬಳ ಎಲ್ಲಿಂದ, ಬಡವರ ಮಕ್ಕಳಿಗೆ ಪ್ರವೇಶ ಇತ್ತೇ? ಹುಡುಗಿಯ ತಂದೆ ವಾದ್ಯವೃಂದದ ಪಿಟೀಲು ವಾದಕ, ಮನೆಯಲ್ಲಿ ಅನುಕೂಲವಿತ್ತು. ಮಗುವಿನ ನೆನಪಿನಲ್ಲಿ ರಶೀದಿ ಇರುವುದಿಲ್ಲ, ಒಪ್ಪಿದೆ. ಆದರೆ ಶಾಲೆ ಕಟ್ಟಹೊರಟವರು ಇದನ್ನೇ ಕೈಪಿಡಿ ಎಂದು ಹಿಡಿದುಕೊಂಡರೆ ಕಷ್ಟ.

ಯುದ್ಧದ ವಿಷಯದಲ್ಲಿ ಮಾತ್ರ ಮಗುವಿನ ದೃಷ್ಟಿಯೇ ಕೃತಿಯ ಬಲವಾಗಿದೆ. ಭಾಷಣವಿಲ್ಲ. ನಿಲ್ದಾಣದ ಮಿಠಾಯಿ ಯಂತ್ರ ಖಾಲಿಯಾಗುತ್ತದೆ, ನಾಯಿ ಕಾಣೆಯಾಗುತ್ತದೆ. ಕೊನೆಗೆ 1945ರ ಬಾಂಬು ದಾಳಿಯಲ್ಲಿ ಶಾಲೆಯೂ ಸುಟ್ಟುಹೋಗುತ್ತದೆ. ಬೆಂಕಿ ನೋಡುತ್ತ ನಿಂತ ಕೊಬಾಯಾಶಿಯವರು ಪಕ್ಕದಲ್ಲಿದ್ದ ಮಗನನ್ನು, ಮುಂದೆ ಎಂಥ ಶಾಲೆ ಕಟ್ಟೋಣ ಎಂದು ಕೇಳುತ್ತಾರೆ. ಆ ಶಾಲೆ ಅವರಿಂದ ಆಗಲಿಲ್ಲ. 1963ರಲ್ಲಿ ಅವರು ತೀರಿಕೊಂಡರು.

ಎಂಟು ವರ್ಷದ ಶಾಲೆ! ಸೋಲೆನ್ನೋಣವೇ? ನಮ್ಮ ದೇಶದ ಉದಾಹರಣೆಗಳನ್ನೂ ನೋಡೋಣ. ರವೀಂದ್ರರು ಶಾಂತಿನಿಕೇತನದಲ್ಲಿ 1901ರಲ್ಲೇ ಮರದಡಿ ಪಾಠ ಆರಂಭಿಸಿದ್ದರು. ತೊಮೊಯೆ ತೆರೆದ 1937ರಲ್ಲೇ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಕಲಿಸುವ ಶಿಕ್ಷಣದ ಸಮ್ಮೇಳನ ನಡೆಸಿದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು. ಕೋಲಾರ ಜಿಲ್ಲೆಯ ರಾಯಲ್ಪಾಡು ಬಳಿ ಡೇವಿಡ್ ಹಾರ್ಸ್‌ಬರೊ ಎಂಬ ಇಂಗ್ಲಿಷರು 1972ರಲ್ಲಿ 'ನೀಲ್ ಬಾಗ್' ಎಂಬ ಶಾಲೆ ತೆರೆದು, ಸುತ್ತಲಿನ ಹಳ್ಳಿಯ ಮಕ್ಕಳಿಗೆ ಪರೀಕ್ಷೆಯಿಲ್ಲದೆ, ಇಯತ್ತೆಗಳ ವಿಂಗಡಣೆಯಿಲ್ಲದೆ ಕಲಿಸಿದರು. ಶಿಕ್ಷಕರನ್ನೂ ತಯಾರು ಮಾಡಿದರು. 1984ರಲ್ಲಿ ಅವರು ತೀರಿಕೊಂಡ ಮೇಲೆ ಆ ಶಾಲೆ ಮೊದಲಿನ ರೂಪದಲ್ಲಿ ಬಹಳ ಕಾಲ ಉಳಿಯಲಿಲ್ಲ. ಇಂಥ ಶಾಲೆ ಹಲವು ಸಲ ಒಬ್ಬ ವ್ಯಕ್ತಿಯ ಮೇಲೆ ನಿಂತಿರುತ್ತದೆ, ಆ ವ್ಯಕ್ತಿಯ ಜೊತೆಗೇ ಹೋಗುತ್ತದೆ. ಹೊಸದಾಗಿ ಕಟ್ಟುವವರು ಮೊದಲ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಆದರೆ ಉಳಿಯುವುದೇನೂ ಇಲ್ಲ ಎಂದಲ್ಲ. ಪುಸ್ತಕದ ಕೊನೆಯಲ್ಲಿ ಲೇಖಕಿ ಸಹಪಾಠಿಗಳ ಸುದ್ದಿ ಕೊಡುತ್ತಾರೆ. ಒಂದನೆಯ ಇಯತ್ತೆಯಿಂದಲೇ ಸ್ಪಿರಿಟ್ ದೀಪ, ಗಾಜಿನ ಬುರುಡೆ ಹಿಡಿದು ಕುಳಿತಿರುತ್ತಿದ್ದ ಹುಡುಗ ಅಮೇರಿಕೆಯಲ್ಲಿ ಭೌತವಿಜ್ಞಾನಿಯಾದ. ತಾಕಾಹಾಶಿ ಒಳ್ಳೆಯ ಕಂಪೆನಿಯಲ್ಲಿ ನೌಕರಿಗೆ ಸೇರಿದ. ನಾನು ಸ್ಪಿರಿಟ್ ದೀಪವನ್ನು ಮೊದಲು ಮುಟ್ಟಿದ್ದು ಕಾಲೇಜಿನಲ್ಲಿ, ಅದೂ ಜರ್ನಲಿನಲ್ಲಿ ಉತ್ತರ ಮೊದಲೇ ಬರೆದಿಟ್ಟುಕೊಂಡು. ಬಿ.ಎಸ್ಸಿ. ಮುಗಿಸಿದೆ, ಪದಾರ್ಥಗಳ ಬಗ್ಗೆ ಕುತೂಹಲ ಮಾತ್ರ ಎಲ್ಲೋ ದಾರಿಯಲ್ಲಿ ಬಿಟ್ಟುಹೋಯಿತು. ಆ ಪುಟ ಓದಿದಾಗ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಇನ್ನು ಗೆಳೆಯರಿಗೆ ನನ್ನ ಉತ್ತರ. ಕಾನೂನಿನ ಮಾತು ಮೊದಲು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಮಾನ್ಯತೆಯ ಪ್ರಮಾಣಪತ್ರವಿಲ್ಲದೆ ಖಾಸಗಿಯವರು ಪ್ರಾಥಮಿಕ ಶಾಲೆ ನಡೆಸುವಂತಿಲ್ಲ; ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಕೋಣೆ, ಕಕ್ಕಸು, ಆಟದ ಬಯಲು, ಪುಸ್ತಕ ಭಂಡಾರ, ಇಷ್ಟು ಮಕ್ಕಳಿಗೆ ಇಷ್ಟು ಶಿಕ್ಷಕರು ಎಂದೆಲ್ಲ ಅನುಬಂಧದಲ್ಲಿ ಬರೆದಿದೆ. ಇವು ಕೆಟ್ಟ ನಿಯಮಗಳಲ್ಲ, ಮಕ್ಕಳ ರಕ್ಷಣೆಗೆ ಬೇಕಾದವೇ. ಹೊಡೆತ ಮತ್ತು ಮಾನಸಿಕ ಹಿಂಸೆಯನ್ನು ನಿಷೇಧಿಸಿದ್ದೂ ಅದೇ ಕಾಯಿದೆ. ಆದರೆ ಮಗುವಿನ ಮಾತು ನಾಲ್ಕು ಗಂಟೆ ಕೇಳಬೇಕೆಂದು ಯಾವ ಅನುಬಂಧವೂ ಬರೆಯಲಾರದು. ಅದಕ್ಕೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಸಿಕ್ಕ ದಿನ ನನ್ನ ಎರಡು ಲಕ್ಷ ಕೊಡುತ್ತೇನೆ. ಸಾಲ ಮಾಡಿಯಾದರೂ ಸರಿ. ಬರೀ ಜಾಗಕ್ಕಾಗಿ ಕೊಡಲಾರೆ.

ಅಲ್ಲಿಯವರೆಗೆ ಸುಮ್ಮನಿರಬೇಕೆಂದೂ ನಾನು ಹೇಳುವುದಿಲ್ಲ. ಶಿವಡಿಯ ಕೆಸರುಬಯಲಿಗೆ ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ನಮ್ಮಲ್ಲಿ ಬಹಳ ಜನ ದಿನಾ ಆ ನಿಲ್ದಾಣ ದಾಟುತ್ತೇವೆ, ಇಳಿದು ನೋಡಿದವರು ಎಷ್ಟು ಮಂದಿ? ತಿಂಗಳಿಗೊಂದು ಶನಿವಾರ ಸಂಘದ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗೋಣ. ಮಾತು ಕನ್ನಡದಲ್ಲಿ, ಹೆಚ್ಚಿನ ಮಾತು ಮಕ್ಕಳದ್ದು. ಇದಕ್ಕೆ ಯಾರ ಮಾನ್ಯತೆಯೂ ಬೇಡ, ಖರ್ಚೆಂದರೆ ರೈಲಿನ ಟಿಕೆಟು ಮತ್ತು ಒಂದು ಡಬ್ಬಿ ಅವಲಕ್ಕಿ.

ಈ ಪುಸ್ತಕವನ್ನು ನಾನು ಮಗಳಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅವಳಿಗೆ ಕನ್ನಡ ಮಾತು ಬರುತ್ತದೆ, ಓದು ಇನ್ನೂ ತೊದಲು. ಅಧ್ಯಾಯಗಳು ಚಿಕ್ಕವು, ರಾತ್ರಿಗೆ ಎರಡು ಮುಗಿಯುತ್ತವೆ. ಮೊದಲ ದಿನದ ಭೇಟಿಯ ಅಧ್ಯಾಯ ಮುಗಿದಾಗ ಅವಳು ಕೇಳಿದಳು: "ಅಪ್ಪಾ, ಅಷ್ಟ್ ಹೊತ್ತು ಕೂತ್ರಲ್ಲ, ಆ ಹೆಡ್‌ಮಾಸ್ತರಿಗೆ ಬೇರೆ ಕೆಲ್ಸ ಇರ್ಲಿಲ್ವಾ?"

ಅದೇ ಅವರ ಕೆಲಸವಾಗಿತ್ತು ಮಗಾ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಬೆಕ್ಕಿನ ಕಥೆಯನ್ನು ನಿಲ್ಲಿಸಿದಲ್ಲಿಂದ ಮತ್ತೆ ತೆಗೆದಳು. ಮೊಬೈಲು ಅಡಿಗೆಮನೆಯಲ್ಲಿತ್ತು, ಆದ್ದರಿಂದ ಎಷ್ಟು ನಿಮಿಷ ಕೇಳಿದೆನೆಂದು ಈ ಸಲ ಹೇಳಲಾರೆ.